ಗಂಟಿಗೆ ಬಿಡುವ ಬಾಲ

ಭಾನುವಾರ ಬೆಳಗಾದರೆ ನನಗೆ ಮೈಯೆಲ್ಲ ಭಾರ. ವಾರವಿಡೀ ಅಣ್ಣನ ಮಗ್ಗಕ್ಕೆ ನೂಲು ಸುತ್ತಿಕೊಟ್ಟು, ಅಡುಗೆ ಮಾಡಿ, ಒಂದು ದಿನ ಕಾಲು ಚಾಚಿ ಮಲಗೋಣವೆಂದರೆ ಅವನು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ಪೊಳ್ಳಾಚಿಗೆ ಒಂದು ಬಸ್ಸು, ಅಲ್ಲಿಂದ ಅಣೆಕಟ್ಟಿಗೆ ಇನ್ನೊಂದು. ಐವತ್ತು ದಾಟಿದ ಅಣ್ಣ ತಂಗಿ ಹಾಯಿದೋಣಿ ಕಲಿಯಲು ಹೊರಟಿದ್ದಾರೆಂದು ತಿಳಿದು ಕಂಡಕ್ಟರೂ ನಗುತ್ತಿದ್ದ.

ಹುಚ್ಚು ಅಣ್ಣನದು. ನಮ್ಮದು ಗುಂಡಿಮಗ್ಗ. ನೆಲದ ಗುಂಡಿಯೊಳಗೆ ಕಾಲಿಳಿಸಿ ಕೂತು ನೇಯಬೇಕು, ಎದುರಿಗೆ ಗೋಡೆ. ಮೀಸೆ ಮೂಡುವ ಮೊದಲಿನಿಂದ ಅವನು ಆ ಗೋಡೆಯನ್ನೇ ನೋಡಿದ್ದಾನೆ. ಹಡಗಿನ ಕೆಲಸದಿಂದ ನಿವೃತ್ತರಾದ ಒಬ್ಬರು ಅಣೆಕಟ್ಟಿನ ನೀರಲ್ಲಿ ಸಣ್ಣ ದೋಣಿ ನಡೆಸುವುದನ್ನು ಕಲಿಸುತ್ತಾರೆ, ಪರೀಕ್ಷೆಯಲ್ಲಿ ಪಾಸಾದವರನ್ನು ತೂತ್ತುಕುಡಿಗೆ ಕರೆದೊಯ್ದು ಸಮುದ್ರಕ್ಕೆ ಇಳಿಸುತ್ತಾರೆ ಎಂದು ಎಲ್ಲೋ ಕೇಳಿ ಬಂದ. "ಒಂದು ಸಲನಾದ್ರೂ ಮುಂದೆ ಗೋಡೆ ಇರಬಾರ್ದಮ್ಮಾ" ಅಂದ. ಕಲಿಯಲು ಜೋಡಿ ಬೇಕಿತ್ತು. ಅತ್ತಿಗೆ ಕೈಮುಗಿದು ಒಳಗೆ ಹೋದರು. ಸಿಕ್ಕಿಬಿದ್ದವಳು ನಾನು.

ಪಾಲಕ್ಕಾಡಿನ ಕಡೆಯಿಂದ ಬೀಸುವ ಆಡಿ, ಅಂದರೆ ಆಷಾಢ ತಿಂಗಳ ಗಾಳಿ ಸೀರೆಯನ್ನೇ ಕಿತ್ತುಕೊಂಡು ಹೋಗುವಂಥದ್ದು, ಹಾಯಿಯ ಮಾತು ಕೇಳಬೇಕೆ? ಗಾಳಿಗೆ ಎದುರಾಗಿ ನೇರ ಹೋಗಲು ಬರುವುದಿಲ್ಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು ಎಂದು ಮೇಷ್ಟ್ರು ಹೇಳಿದಾಗ ಅಣ್ಣ, "ಲಾಳಿ ತರಾನೇ" ಎಂದು ಹಿಗ್ಗಿದ. ದಿಕ್ಸೂಚಿ ಹಿಡಿದು ಗುಡ್ಡದ ತುದಿಯನ್ನೂ ದಡದ ಪಂಪ್‌ಹೌಸನ್ನೂ ನೋಡಿ ನಕ್ಷೆಯ ಮೇಲೆ ಎರಡು ಗೆರೆ ಎಳೆಯಬೇಕು. ಗೆರೆಗಳು ಕೂಡುವಲ್ಲಿ ನಮ್ಮ ದೋಣಿ. ಅವನವು ನೀರಿನ ಮೇಲೆಯೇ ಕೂಡುತ್ತಿದ್ದವು. ನನ್ನವು ಒಮ್ಮೆ ಯಾರದೋ ತೆಂಗಿನ ತೋಟದಲ್ಲಿ ಕೂಡಿದವು.

ಎರಡು ಹಗ್ಗ ಸೇರಿಸುವ ಗಂಟನ್ನು ಮೇಷ್ಟ್ರು ತೋರಿಸಿದ ದಿನ ಅಣ್ಣ ಕಣ್ಣು ಮುಚ್ಚಿಕೊಂಡೇ ಹಾಕಿ ತೋರಿಸಿದ. ಕಡಿದ ಎಳೆಗೆ ನೇಕಾರ ಹಾಕುವ ಗಂಟು ಅದೇ. ವ್ಯತ್ಯಾಸ ಒಂದೇ. ನಾವು ಗಂಟು ಬಿಗಿದ ಕೂಡಲೇ ಮಿಕ್ಕ ತುದಿಗಳನ್ನು ಬುಡಕ್ಕೇ ಕತ್ತರಿಸುತ್ತೇವೆ, ಇಲ್ಲವಾದರೆ ಅವು ಪಕ್ಕದ ಎಳೆಗಳಿಗೆ ಸಿಕ್ಕಿಕೊಳ್ಳುತ್ತವೆ. ಹಗ್ಗಕ್ಕೆ ಗೇಣುದ್ದ ತುದಿ ಬಿಡಬೇಕು, ಇಲ್ಲವಾದರೆ ಜಗ್ಗಿದಾಗ ಗಂಟು ಜಾರುತ್ತದೆ. ಅಣ್ಣನ ಕೈ ಮಾತ್ರ ಪ್ರತಿ ಸಲವೂ ಸೊಂಟದಲ್ಲಿ ಸಿಕ್ಕಿಸಿದ ಪುಟ್ಟ ಕತ್ತರಿಯ ಕಡೆಗೆ ಹೋಗುತ್ತಿತ್ತು. "ಬಾಲ ಬಿಡು ಅಣ್ಣಾ" ಎಂದು ನಾನು ಕೈ ಹಿಡಿಯುತ್ತಿದ್ದೆ. "ಗೊತ್ತು ಬಿಡು" ಎಂದು ನಗುತ್ತಿದ್ದ.

ಪರೀಕ್ಷೆಯ ದಿನ ಒಬ್ಬೊಬ್ಬರೇ ದೋಣಿ ಒಯ್ಯಬೇಕಿತ್ತು. ದೂರದ ಕೆಂಪು ಡ್ರಮ್ಮನ್ನು ಸುತ್ತಿ ಬಂದು, ಎರಡು ಹಗ್ಗ ಸೇರಿಸಿ ಲಂಗರು ಇಳಿಸಿ, ಸೀಟಿ ಊದುವವರೆಗೆ ನಿಲ್ಲಬೇಕು. ನಾನು ಮೊದಲು ಹೋದೆ. ಡ್ರಮ್ಮಿಗೆ ಡಿಕ್ಕಿ ಹೊಡೆದೆ, ಒದ್ದೆಯಾದೆ, ಗಂಟನ್ನು ಹೇಳಿಕೊಟ್ಟ ಹಾಗೆ ಮೊದ್ದಾಗಿ ಹಾಕಿದೆ. ಹೇಗೋ ನಿಂತಿತು.

ಅಣ್ಣ ಹೋದದ್ದು ನೋಡುವ ಹಾಗಿತ್ತು. ಅವನ ಬೆನ್ನು ಅಷ್ಟು ನೆಟ್ಟಗಿದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಡ್ರಮ್ಮನ್ನು ಸವರಿದಂತೆ ಸುತ್ತಿ ಬಂದ, ಹಾಯಿ ಇಳಿಸಿದ, ಹಗ್ಗ ಸೇರಿಸಿ ಲಂಗರು ಬಿಟ್ಟ. ಮೇಷ್ಟ್ರು ಸೀಟಿಯನ್ನು ಬಾಯಿಗಿಡುವಷ್ಟರಲ್ಲಿ ಜೋರು ಗಾಳಿ ಹೊಡೆಯಿತು. ದೋಣಿ ಒಮ್ಮೆ ಜಗ್ಗಿ, ಹಿಂದಕ್ಕೆ ತೇಲುತ್ತ ಹೋಗಿ ದಡದ ಕಲ್ಲುಗಳಿಗೆ ಬಡಿಯಿತು.

ಓಡಿ ಹೋಗಿ ನೋಡಿದೆವು. ಅವನಿಗೇನೂ ಆಗಿರಲಿಲ್ಲ. ಗಂಟು ಜಾರಿ ಬಿಚ್ಚಿಹೋಗಿತ್ತು. ದೋಣಿಯ ಕಡೆ ಉಳಿದಿದ್ದ ಹಗ್ಗದ ತುದಿ ನೂಲಿನ ತುದಿಯ ಹಾಗೆ ಒಪ್ಪವಾಗಿ ಕತ್ತರಿಸಿದಂತಿತ್ತು. ಅಣ್ಣ ಅದನ್ನೇ ನೋಡುತ್ತಿದ್ದ. "ಯಾವಾಗ ಕತ್ತರಿಸ್ದೆ ಅಂತ ನಂಗೇ ಗೊತ್ತಿಲ್ಲೆ" ಅಂದ. ಮೇಷ್ಟ್ರು ತಮಿಳಿನಲ್ಲಿ, ಬಹಳ ಮೆತ್ತಗೆ, "ಕಡಲಿನಲ್ಲಿ ನಿಮ್ಮನ್ನು ತಡೆಯಲು ಈ ಕಲ್ಲು ಇರುವುದಿಲ್ಲ, ಅಣ್ಣಾ. ನಿಮ್ಮನ್ನು ಕರೆದೊಯ್ಯಲಾರೆ. ತಂಗಿ ಬರಲಿ" ಎಂದರು.

ವಾಪಸು ಬಸ್ಸಿನಲ್ಲಿ ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು. ನಿದ್ದೆ ಬೇಕಾಗಿದ್ದವಳಿಗೆ ಸಮುದ್ರ ಸಿಕ್ಕಿತ್ತು. ಅಣ್ಣ ಕಿಟಕಿಗೆ ತಲೆ ಆನಿಸಿ, ಒದ್ದೆ ಹಗ್ಗದ ತುಂಡೊಂದಕ್ಕೆ ಗಂಟು ಹಾಕುತ್ತ, ಬಿಚ್ಚುತ್ತ ಕೂತಿದ್ದ.

ಸೋಮವಾರ ಬೆಳಗ್ಗೆ ಮಗ್ಗದ ಸದ್ದು ತಟಕ್ಕನೆ ನಿಂತಿತು. ಹೋಗಿ ನೋಡಿದರೆ ಎಳೆಗಳು ಗೊಂಚಲಾಗಿ ಕಡಿದಿದ್ದವು. ನಡುವೆ ಅವನು ಆಗಷ್ಟೇ ಹಾಕಿದ ಒಂದು ಗಂಟು, ಅದರ ಎರಡೂ ತುದಿ ಗೇಣುದ್ದ. ಲಾಳಿ ಅದಕ್ಕೇ ಸಿಕ್ಕಿಕೊಂಡಿತ್ತು.

"ಇವತ್ತು ಬಾಲ ಬಿಟ್ಟೆ ನೋಡು" ಅಂದ ಅಣ್ಣ. ನಗಲು ನೋಡಿದ, ಆಗಲಿಲ್ಲ.

ನಾನು ತೂತ್ತುಕುಡಿಗೆ ಹೋಗುವುದಿಲ್ಲ, ನನಗೆ ಸಾಕಾಗಿದೆ ಅಂದೆ. ಅವನು ಸೊಂಟದ ಕತ್ತರಿ ತೆಗೆದು ನನ್ನ ಕೈಗಿಟ್ಟ.

"ಹೋಗಮ್ಮಾ. ಮುಂದೆ ಗೋಡೆ ಇಲ್ದೆ ಇದ್ರೆ ಹೆಂಗಿರುತ್ತೆ ಅಂತ ಬಂದು ಹೇಳು, ಸಾಕು."

ನನಗೆ ಅಳು ಬಂತು. ಬಗ್ಗಿ ಆ ಗಂಟಿನ ತುದಿಗಳನ್ನು ಬುಡಕ್ಕೇ ಕತ್ತರಿಸಿದೆ. ಅಣ್ಣ ಗೋಡೆಗೆ ಮುಖ ಮಾಡಿ, ಕಡಿದ ಎಳೆಗಳನ್ನು ಹುಡುಕತೊಡಗಿದ.