ಲಕ್ಕಮ್ಮನಿಗೆ ಹೊಂದಿಸಿದ ಬೆಳಕು

ನನ್ನ ಗಂಡ ಉಮಾಶಂಕರ್‌ಗೆ ಜಂಬ ಸ್ವಲ್ಪ ಜಾಸ್ತಿ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಮ್ಮ ಸ್ಟುಡಿಯೋ ಇದ್ದಷ್ಟು ಕಾಲವೂ ಗಿರಾಕಿಗಳಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಮುಖ ನಿಮ್ದು, ಬೆಳಕು ನಂದು. ಸುಮ್ನೆ ಕೂತ್ಕೊಳ್ಳಿ." ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನು ನಗುತ್ತಿದ್ದೆ. ಇವರಿಗೆ ಕೆಲಸ ಗೊತ್ತಿತ್ತು, ಹಾಗಾಗಿ ನಡೆಯುತ್ತಿತ್ತು.

ಆ ಕೆಲಸ ಕಲಿತದ್ದು ತೆಂಗಿನಕಾಯಿಯ ಮೇಲೆ. ನಮ್ಮೂರಲ್ಲಿ ಕಾಯಿಗೇನು ಬರವೇ? ಸ್ಟೂಲಿನ ಮೇಲೊಂದು ಡಬ್ಬ, ಡಬ್ಬದ ಮೇಲೊಂದು ಸುಲಿದ ಕಾಯಿ, ಜುಟ್ಟು ಮುಂದಕ್ಕೆ. ಜುಟ್ಟೇ ಮೂಗು. ಅದರ ನೆರಳು ಎತ್ತ ಬೀಳುತ್ತದೆಂದು ನೋಡುತ್ತಾ ದೊಡ್ಡ ಲೈಟನ್ನು ಒಂದು ಗೇಣು ಆಚೆ, ಒಂದು ಗೇಣು ಈಚೆ ಸರಿಸುವರು. ಗಿರಾಕಿಯನ್ನು ಕೂರಿಸಿಕೊಂಡು ಬೆವರಿಳಿಸಬಾರದು, ಅವರು ಬರುವ ಹೊತ್ತಿಗೆ ಬೆಳಕು ಸಿದ್ಧವಾಗಿರಬೇಕು ಎಂಬುದು ಇವರ ಹಟ. ಸಂಜೆ ಆ ಕಾಯಿ ನನ್ನ ಚಟ್ನಿಗೆ ಬರುತ್ತಿತ್ತು.

ನನ್ನ ಕೆಲಸ ತಿದ್ದುವುದು. ಪ್ರಿಂಟಿನ ಮೇಲೆ ಸಣ್ಣ ಕುಂಚ ಆಡಿಸಿ ಮೊಡವೆ ಅಳಿಸುವುದು, ಮುಚ್ಚಿಹೋದ ಕಣ್ಣು ತೆರೆಸುವುದು. ಅದರಲ್ಲಿ ನನಗೂ ಜಂಬವಿತ್ತು. ತೊಂಬತ್ತೊಂದರಲ್ಲಿ ಮಾದಿಹಳ್ಳಿಯ ಲಕ್ಕಮ್ಮ ಎನ್ನುವವರು ಮಗ ರಾಹುಲ್ ಜೊತೆ ಬಂದು ಫೋಟೋ ತೆಗೆಸಿಕೊಂಡರು. ಚಿಕ್ಕಂದಿನಲ್ಲಿ ಸಿಡುಬು ಎದ್ದು ಅವರ ಬಲಗಣ್ಣಿಗೆ ಹೂ ಬಿದ್ದಿತ್ತು, ಗುಡ್ಡೆ ಪೂರಾ ಬೆಳ್ಳಗೆ. ಯಾರೂ ಕೇಳದಿದ್ದರೂ ನಾನು ಅಲ್ಲೊಂದು ಚೆಂದದ ಕಣ್ಣು ಬರೆದುಕೊಟ್ಟೆ. ಲಕ್ಕಮ್ಮ ಫೋಟೋ ನೋಡಿ, ಏನೂ ಹೇಳದೆ, ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಖುಷಿಗೆ ಮಾತು ಹೊರಡಲಿಲ್ಲವೇನೋ ಅಂದುಕೊಂಡೆ. ಎಂಥ ದಡ್ಡಿ ನಾನು!

ಏಳು ವರ್ಷದ ಮೇಲೆ ರಾಹುಲ್ ಮತ್ತೆ ಬಂದ. ಅಷ್ಟರಲ್ಲಿ ಹೈಸ್ಕೂಲು ಮೇಷ್ಟರಾಗಿ ಅರಸೀಕೆರೆಯಲ್ಲೇ ಮನೆ ಕಟ್ಟಿಸಿದ್ದ.

"ಅಕ್ಕ, ಗೃಹಪ್ರವೇಶಕ್ಕೆ ಅಪ್ಪ ಅಮ್ಮನ ಜೋಡಿ ಫೋಟೋ ಬೇಕು. ಅಮ್ಮ ಒಪ್ತಾನೇ ಇಲ್ಲ. ಆ ಅಂಗಡಿಯೋರು ನನ್ನ ಬಿಟ್ಟು ಇನ್ಯಾರನ್ನೋ ಕೊಟ್ಟು ಕಳಿಸಿದ್ರು ಅಂತಾರೆ. ಕಣ್ಣು ಬರೆಯಂಗಿಲ್ಲ, ಬಿಳೀದು ಎದ್ದು ಕಾಣಂಗೂ ಇಲ್ಲ, ಆಗದಿದ್ರೆ ಅಪ್ಪನದೊಂದೇ ಹಾಕ್ಕೋ ಅಂದುಬಿಟ್ರು."

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮಗನ ಮನೆಯ ಗೋಡೆಯ ಮೇಲೆ ತಾಯಿಯೇ ಇಲ್ಲದಂತೆ ಮಾಡಲು ಹೊರಟಿದ್ದವಳು ನಾನು. ಇವರು ಮಾತ್ರ ರಾಹುಲ್‌ಗೆ, "ಭಾನುವಾರ ಬೆಳಗ್ಗೆ ಹತ್ತಕ್ಕೆ ಕರ್ಕೊಂಡು ಬಾ. ಆಗತ್ತೆ" ಅಂದರು.

ಭಾನುವಾರ ಏಳಕ್ಕೇ ಎರಡು ಕಾಯಿ ಜೋಡಿಯಾಗಿ ಕೂತವು. ಹೆಂಡತಿ ಗಂಡನ ಎಡಕ್ಕೇ ಕೂರಬೇಕು, ಅದರಲ್ಲಿ ಬದಲಾವಣೆ ಇಲ್ಲ. ಲಕ್ಕಮ್ಮನ ಕಾಯಿಗೆ ಬಲಗಣ್ಣಿನ ಜಾಗದಲ್ಲಿ ನಾನೇ ಸುಣ್ಣದ ಬೊಟ್ಟಿಟ್ಟೆ. ಲೈಟು ಎಲ್ಲಿಟ್ಟರೂ ಸುಣ್ಣ ಫಳಕ್ಕನೆ ಹೊಳೆಯುತ್ತಿತ್ತು. ಇವರು ಒಂದು ಗಂಟೆ ಹೆಣಗಿ, ಕೊನೆಗೆ ಲೈಟನ್ನು ಹೆಂಡತಿ ಕಾಯಿಯ ಪಕ್ಕಕ್ಕೆ ಒಯ್ದು, ಆ ಕಾಯಿಯನ್ನು ಗಂಡನ ಕಾಯಿಯತ್ತ ಓರೆಯಾಗಿ ತಿರುಗಿಸಿದರು. ಸುಣ್ಣ ಜುಟ್ಟಿನ ಮರೆಗೆ, ನೆರಳಿಗೆ ಹೋಯಿತು.

"ನೋಡ್ದೇನೇ?" ಎಂದು ನನ್ನ ಕಡೆ ತಿರುಗಿದರು. ಆ ದಿನ ಅವರ ಜಂಬ ನನಗೂ ಇಷ್ಟವಾಯಿತು.

ಹತ್ತಕ್ಕೆ ಸರಿಯಾಗಿ ಬಂದರು. ಲಕ್ಕಮ್ಮನ ಗಂಡ ತಮ್ಮಯ್ಯ ಗಂಜಿ ಹಾಕಿದ ಶರ್ಟು ತೊಟ್ಟು ಕಂಬದ ಹಾಗೆ ಕೂತರು. ಹೆಂಡತಿ ಅವರ ಕಡೆ ನೋಡಬೇಕು ಎಂದು ಇವರು ಹೇಳಿದ್ದೇ ತಡ, ತಮ್ಮಯ್ಯ ಸಿಡಿದರು.

"ಪಟ ಅಂದ್ಮೇಲೆ ನೆಟ್ಟಗೆ ನೋಡ್ಬೇಕು ಕಣ್ರೀ. ಗಂಡನ ಮಖ ನೋಡ್ಕಂಡು ಕೂರಾಕೆ ಇವಳೇನು ಹೊಸ ಮದುವಣಗಿತ್ತಿಯಾ?"

ಲಕ್ಕಮ್ಮ ಎದ್ದೇಬಿಟ್ಟರು. ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ.

"ಅವತ್ತು ಕಣ್ಣು ಬರೆದೋಳು ನಾನೇ ಕಣಮ್ಮ. ತಪ್ಪಾಯ್ತು. ಇವತ್ತು ಕುಂಚ ಮುಟ್ಟಲ್ಲ."

ಲಕ್ಕಮ್ಮ, "ಹೋಗ್ಲಿ ಬಿಡವ್ವ" ಅಂದು ಕೂತರು. ಸೆರಗು ಸರಿಮಾಡಿಕೊಂಡು, ಯಾರ ಹಂಗೂ ಇಲ್ಲದವರಂತೆ ಗಂಡನತ್ತ ತಿರುಗಿ ಅವರನ್ನೇ ನೋಡಿದರು. ಅಷ್ಟು ಹತ್ತಿರದ ನೋಟಕ್ಕೆ ತಮ್ಮಯ್ಯ ಗಲಿಬಿಲಿಗೊಂಡು ತಾವೂ ತಿರುಗಿದರು. ಇವರು ಕ್ಲಿಕ್ಕಿಸಿಬಿಟ್ಟರು.

ಮರುವಾರ ಫೋಟೋ ಒಯ್ಯಲು ಇಬ್ಬರೂ ಬಂದರು. ಲಕ್ಕಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಕೆನ್ನೆಯ ಸುಕ್ಕು, ಮೂಗುಬೊಟ್ಟು, ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿದರು.

"ಇದು ನಾನೇಯ" ಅಂದರು. ನನಗೆ ಅಳುವೇ ಬಂತು.

ತಮ್ಮಯ್ಯ ಭುಜದ ಮೇಲಿಂದ ಇಣುಕಿ, "ನಲವತ್ತು ವರ್ಸದಾಗೆ ಒಂದು ದಿನಾನೂ ಹಿಂಗೆ ನೋಡ್ದೋಳಲ್ಲ ಇವಳು" ಎಂದು ನಕ್ಕರು.

"ನಾನು ದಿನಾ ನೋಡ್ತಿದ್ದೆ. ನೀನು ಈ ಕಡೆ ತಿರುಗಿದ್ದು ಅವತ್ತೇಯ."

ತಮ್ಮಯ್ಯ ಫೋಟೋವನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಗಂಡನ ಹತ್ತಿರ ಬಂದು, ಶರ್ಟಿನ ಜೇಬಿಗೆ ಹಿಡಿಸುವಂಥದ್ದು ಇನ್ನೊಂದು ಸಣ್ಣದು ಮಾಡಿಕೊಡಲಾಗುತ್ತದೆಯೇ ಎಂದು ಕೇಳಿದರು.