ಬಾಕ್ಸಿಂಗ್ ನಿಯಮಗಳ ಕೆಳಗಿನ ಸಹಿ

ಕೊಲ್ಲಿ ದೇಶದ ಜುಬೈಲ್‌ನ ಈ ಕಾರ್ಮಿಕರ ಕ್ಯಾಂಪಿನಲ್ಲಿ ಶುಕ್ರವಾರ ನಮಾಜು, ಬಿರಿಯಾನಿ ಎರಡೂ ಮುಗಿದ ಮೇಲೆ ಮೆಸ್ಸಿನ ಮೇಜುಗಳನ್ನು ಗೋಡೆಗೆ ಸರಿಸಿ ಬಾಕ್ಸಿಂಗ್ ಆಡುತ್ತಾರೆ. ನನ್ನನ್ನು ಕರೆದುಕೊಂಡು ಹೋದವರು ಬಂಟ್ವಾಳದ ಹಂಝಾಕ. ಕೆಲಸದಲ್ಲಿ ಫೋರ್‌ಮನ್, ಇಲ್ಲಿ ರೆಫರಿ.

ಗೋಡೆಯ ಮೇಲೆ ನಿಯಮಗಳ ಹಾಳೆಯಿತ್ತು. ಗ್ಲೌಸ್ ಕಡ್ಡಾಯ; ಮೂರು ನಿಮಿಷ ಆಟ, ಒಂದು ನಿಮಿಷ ವಿಶ್ರಾಂತಿ; ಬಿದ್ದವನಿಗೆ ಏಳಲು ಹತ್ತು ಸೆಕೆಂಡು; ಎದುರಾಳಿಯನ್ನು ತಬ್ಬಿ ಹಿಡಿಯುವಂತಿಲ್ಲ. ಬರೆದದ್ದು ಹಂಝಾಕ. ಕೆಳಗಿನ ಸಹಿ ಮಾತ್ರ ಕ್ಯಾಂಪ್ ಬಾಸ್‌ನದು.

“ಇಂಗ್ಲೆಂಡಿನಲ್ಲೂ ಹೀಗೇ ಆದದ್ದು,” ಎಂದೆ. “ಅಲ್ಲಿ ಬಾಕ್ಸಿಂಗ್ ನಿಯಮಗಳನ್ನು ಬರೆದವನು ಒಬ್ಬ. ಹೆಸರು ಬಂದದ್ದು ಅವಕ್ಕೆ ಒಪ್ಪಿಗೆ ಕೊಟ್ಟ ಪ್ರಭುವಿಗೆ.” ನನಗಂತೂ ಸಿಟ್ಟು ಬಂದಿತ್ತು.

ಹಂಝಾಕ ನಕ್ಕರು. “ನನ್ನ ಸಹಿ ಹಾಕಿದ್ರೆ ಇಲ್ಲಿ ಯಾರು ಕೇಳ್ತಾರೆ ಮಾರಾಯ್ರೆ?”

ಅಷ್ಟರಲ್ಲಿ ಬಾಸ್ ತಾನೇ ಗ್ಲೌಸ್ ಹಾಕಿಕೊಂಡು ಬಂದ. ಎದುರಿಗೆ ಒಬ್ಬ ನೇಪಾಳಿ ವೆಲ್ಡರ್. ಎರಡನೇ ಸುತ್ತಿನಲ್ಲಿ ಬಾಸ್ ಏದುಸಿರು ಬಿಡುತ್ತಾ ವೆಲ್ಡರ್‌ನನ್ನು ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟ. ಹಂಝಾಕ ಸೀಟಿ ಊದಿದರು. ಅವನು ಬಿಡಲಿಲ್ಲ. ಮತ್ತೆ ಊದಿ, ನಡುವೆ ಕೈ ಹಾಕಿ ಬಿಡಿಸಿದರು. ಸುತ್ತ ನಿಂತವರ ರಜೆ, ಓವರ್‌ಟೈಮ್ ಎಲ್ಲವೂ ಆ ಬಾಸ್‌ನ ಕೈಯಲ್ಲಿದೆ.

“ಯಾರು ಮಾಡಿದ ರೂಲು ಇದು?” ಎಂದು ಬಾಸ್ ಹಿಂದಿಯಲ್ಲಿ ಗದರಿದ.

ಹಂಝಾಕ ಬಾಯಲ್ಲಿದ್ದ ಸೀಟಿಯನ್ನು ತೆಗೆಯಲೇ ಇಲ್ಲ. ಗೋಡೆಯ ಹತ್ತಿರ ಹೋಗಿ ಹಾಳೆಯ ಕೆಳತುದಿಯ ಮೇಲೆ ಬೆರಳಿಟ್ಟರು.

ಬಾಸ್ ತನ್ನ ಸಹಿಯನ್ನು ನೋಡಿದ. ತೆಪ್ಪಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ.