ಮೂರು ಸೆಕೆಂಡಿನ ಪಟ್ಟಿ

ಅಕ್ಷರಕ್ಕ ಎಂದರೆ ನಮ್ಮ ಬೀದಿಯ ಡಿಟಿಪಿ ಅಂಗಡಿಯಾಕೆ. ಇಪ್ಪತ್ತಾರು ವರ್ಷ ಕಂಡವರ ಪುಸ್ತಕ ಟೈಪ್ ಮಾಡಿ ಬೆರಳು ಎಷ್ಟು ಚುರುಕಾಗಿವೆಯೆಂದರೆ, ಲೇಖಕರು ಇನ್ನೂ ಯೋಚಿಸದ ಸಾಲನ್ನು ಆಕೆ ಆಗಲೇ ಹೊಡೆದು, ತಪ್ಪನ್ನೂ ತಿದ್ದಿಟ್ಟಿರುತ್ತಾಳೆ. ಆಕೆಯ ಪುಟ ಜೋಡಿಸುವ ತಂತ್ರಾಂಶ ಹಳೇ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ಓಡುತ್ತದೆ. ಹೊಸದರಲ್ಲಿ ತೆರೆದರೆ ಒತ್ತಕ್ಷರಗಳು ಕಿತ್ತುಬಂದು, ಪುಟದ ತುಂಬ ಸತ್ತ ಇರುವೆ ಚೆಲ್ಲಿದಂತೆ ಕಾಣುತ್ತದೆ.

ಅದೇ ಕೋಣೆಯ ಅರ್ಧದಲ್ಲಿ ಆಕೆಯ ತಮ್ಮನ ಫೋಟೋ ಸ್ಟುಡಿಯೊ. ಅವನ ಕೊಳಕು ವರ್ಣಿಸಲು ನನಗೆ ಇನ್ನೊಂದು ಮೂಗು ಬೇಕು. ಕೀಬೋರ್ಡ್ ಮೇಲೇ ಬಿಸ್ಕತ್ತು ತಿನ್ನುತ್ತಾನೆ, ಉಗುರೂ ಕತ್ತರಿಸಿಕೊಳ್ಳುತ್ತಾನೆ. ಅದನ್ನು ತಲೆಕೆಳಗು ಮಾಡಿ ಕೊಡವಿದರೆ ಮೂರು ಇಲಿಸಂಸಾರಕ್ಕೆ ವರ್ಷದ ದಿನಸಿ ಸಿಕ್ಕೀತು.

ತನ್ನ ಕಂಪ್ಯೂಟರ್ ಸುಟ್ಟುಕೊಂಡ ಮೇಲೆ ಈ ಮಹಾಶಯ ಅಕ್ಕನದಕ್ಕೆ ಕೈ ಹಾಕಿದ. ಭಾನುವಾರ ಆಕೆಯನ್ನು ಕೇಳದೆ ಹೊಸ ಸಿಸ್ಟಮ್ ತುಂಬಿ, ಎರಡರಲ್ಲಿ ಯಾವುದು ಬೇಕೆಂದು ಶುರುವಿಗೇ ಪಟ್ಟಿ ತೋರಿಸುವ ಬೂಟ್ ಮ್ಯಾನೇಜರ್ ಕೂರಿಸಿದ. ಪಟ್ಟಿಯಲ್ಲಿ ತನ್ನದು ಮೇಲೆ, ಅಕ್ಕನದು ಕೆಳಗೆ. ಮೂರು ಸೆಕೆಂಡಿನೊಳಗೆ ಯಾರೂ ಕೀ ಒತ್ತದಿದ್ದರೆ ತನ್ನದೇ ತೆರೆಯಬೇಕು. ಇಷ್ಟನ್ನೂ ಸ್ಟುಡಿಯೊದ ಹೊಸ ಪರದೆ ಇಟ್ಟುಕೊಂಡು ಮಾಡಿ, ಆಮೇಲೆ ಅಕ್ಕನ ಹಳೇ ಪರದೆ ಸಿಕ್ಕಿಸಿ ಹೋದ.

ಸೋಮವಾರ ಆಕೆ ಸ್ವಿಚ್ ಒತ್ತಿದಳು. ಪರದೆ ಕಪ್ಪಗಾಯಿತು. ಬೆಳಕಾದಾಗ ತಮ್ಮನ ಸಿಸ್ಟಮ್ಮು, ಅದರ ತುಂಬ ಹಲ್ಲು ಕಿರಿದ ಅವನದೇ ಮುಖ. ಆಕೆಯ ಮುನ್ನೂರ ಹನ್ನೆರಡು ಪುಟದ ಪುಸ್ತಕ ಪತ್ತೆಯಿಲ್ಲ. ಎರಡು ಗಂಟೆಗೆ ಪುಟ ಕೈಗೆ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಮುದ್ರಕ ಶುಕ್ರವಾರವೇ ಹೇಳಿಹೋಗಿದ್ದ.

ಕರೆದಾಗ ತಮ್ಮ ಏನನ್ನೋ ಅಗಿಯುತ್ತ ಬಂದ.

"ಪಟ್ಟಿ ಬರುತ್ತೆ ಕಣೇ. ನಿನ್ನ ಕೈ ನಿಧಾನ. ವಯಸ್ಸಾಯ್ತು."

ಆ ಬೆರಳಿಗೆ ಈ ಮಾತು! ಪಟ್ಟಿ ಕಾಣದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದು, ಬೆರಳು ನೆಕ್ಕಿಕೊಂಡೇ ಮೌಸ್ ಹಿಡಿಯಲು ಬಂದ. ಅಕ್ಕ ಆ ಕೈಗೆ ಸ್ಕೇಲಿನಿಂದ ಒಂದು ಕೊಟ್ಟಳು.

ಮತ್ತೆ ನಾಲ್ಕು ಸಲ ಆರಿಸಿ ಹಚ್ಚಿದಳು. ಐದನೇ ಸಲ ಪರದೆ ಬಿಟ್ಟು ಗೋಡೆ ಗಡಿಯಾರ ನೋಡಿದಳು. ಮುದಿ ಪರದೆ, ಚಿತ್ರದ ಅಳತೆ ಬದಲಾದಾಗಲೆಲ್ಲ ಏಳು ಸೆಕೆಂಡು ಕಣ್ಣು ಮುಚ್ಚುತ್ತಿತ್ತು.

"ಪಟ್ಟಿ ಬಂದು, ಕಾದು, ಎದ್ದು ಹೋಗ್ತಿದೆ. ಇದು ಇನ್ನೂ ಕಣ್ಣು ಬಿಡ್ತಾ ಇರುತ್ತೆ. ನಿನ್ನ ಪರದೆ ಇಟ್ಕೊಂಡು ನೋಡಿದ್ಯಲ್ಲೋ ಹೊಲಸೇ, ಅದಕ್ಕೇ ನಿನಗೆ ಕಂಡಿದ್ದು."

ಆರನೇ ಸಲ ಕತ್ತಲಲ್ಲೇ ಕೆಳಬಾಣದ ಕೀ ತಟ್ಟುತ್ತ ಕೂತಳು. ಕೀ ತಾಗಿದ್ದೇ ಮೂರು ಸೆಕೆಂಡಿನ ಎಣಿಕೆ ನಿಂತಿತ್ತು. ಪರದೆ ಬೆಳಗಿದಾಗ ಪಟ್ಟಿ ಅಲ್ಲೇ ಇತ್ತು, ಆಕೆಯ ಹಳೇ ಸಿಸ್ಟಮ್ಮಿನ ಹೆಸರೂ ಇತ್ತು. ಎಂಟರ್ ಒತ್ತಿದಳು. ಮುನ್ನೂರ ಹನ್ನೆರಡು ಪುಟವೂ ಭದ್ರವಾಗಿದ್ದವು. ಮುದ್ರಕ ಎರಡಕ್ಕೆ ಬಂದು ತೆಗೆದುಕೊಂಡು ಹೋದ.

ತಮ್ಮ ತಪ್ಪಾಯಿತು ಎನ್ನಲಿಲ್ಲ. ಆಕೆಯ ಕುರ್ಚಿಯ ಬೆನ್ನಿಗೆ ಕೈ ಒರೆಸಿ, ಇನ್ನು ನನ್ನದು ತೆರೆಯಲೇ ಎಂದು ಕೇಳಿದ. ಅಕ್ಕ ಆಗಲೇ ರಿಪೇರಿಯವನಿಗೆ ಫೋನ್ ಹಚ್ಚಿ, ಅವನು ಹೇಳಿದಂತೆ ತನ್ನದನ್ನು ಮೇಲೆ, ತಮ್ಮನದನ್ನು ಕೆಳಗೆ ಹಾಕಿದ್ದಳು. ಮೂರು ಸೆಕೆಂಡನ್ನು ಮಾತ್ರ ಮುಟ್ಟಲಿಲ್ಲ.

"ಹಾಗಾದ್ರೆ ನನ್ನ ಪರದೆ ತರ್ತೀನಿ," ಎಂದ.

"ಅದರ ಮೇಲಿರೋ ನಿನ್ನ ಎಂಜಲು ಒರೆಸೋಳು ನಾನಲ್ಲ. ಈ ಮೇಜಿಗೆ ಅದು ಬರಕೂಡದು."

ಈಗ ದಿನಾ ಸಂಜೆ ಅವನು ಕಪ್ಪು ಪರದೆಯ ಮುಂದೆ ಕೂತು, ಜಿಡ್ಡು ಬೆರಳಲ್ಲಿ ಕೀ ತಡಕುತ್ತಾನೆ. ಬಹಳ ಸಲ ಮೂರು ಸೆಕೆಂಡು ದಾಟಿಹೋಗಿ ಅಕ್ಕನದೇ ತೆರೆದುಕೊಳ್ಳುತ್ತದೆ.